ಮೂರನೇ ಸಾಲಿನ ಕಲ್ಲಿನಾಥರು

ಫಾರ್ಮಿಂಗ್ಟನ್ ಹಿಲ್ಸಿನ ಕಲ್ಲಿನಾಥ ಹೊಸಮನಿಯವರು ನಾಟಕಕ್ಕೆ ಬಂದರೆಂದರೆ ಪರದೆಯ ಹಿಂದೆ ಹರಡುತ್ತಿದ್ದ ಸುದ್ದಿ ಒಂದೇ ಮಾತಿನದು: "ಬಂದ್ರು." ಯಾರು ಬಂದರು ಎಂದು ಯಾರೂ ಕೇಳುತ್ತಿರಲಿಲ್ಲ. ರಾಜನ ಪಾತ್ರದವನು ಕಿರೀಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅಂಗೈಯಲ್ಲಿ ಮಾತು ಬರೆದುಕೊಂಡಿದ್ದ ರಾಣಿ ಗಡಿಬಿಡಿಯಿಂದ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನೋಡಿದರೆ ಐದಡಿ ನಾಲ್ಕಿಂಚಿನ ಮನುಷ್ಯ, ಮೈಮೇಲೆ ಕಂದು ಸ್ವೆಟರು, ಜೇಬಿನಲ್ಲಿ ಎರಡು ಪೆನ್ಸಿಲು. ಇಷ್ಟಕ್ಕೆ ಹೆದರುವುದೇ ಎಂದು ಹೊಸಬರು ನಕ್ಕರೆ ಹಳಬರು, "ನೀವು ಒಂದ್ ಸಲ ನಾಟಕ ಮಾಡಿ, ಆಮೇಲೆ ನಗಿ" ಎನ್ನುತ್ತಿದ್ದರು.

ಅವರು ನಾಟಕ ವಿಮರ್ಶಕರು. ಸಂಬಳವಿಲ್ಲ, ಶಾಲಿಲ್ಲ, ಹಾರವಿಲ್ಲ. ಡೆಟ್ರಾಯಿಟ್ ಕಡೆಯ ಕನ್ನಡ ಸಂಘವೊಂದರ ಸುದ್ದಿಪತ್ರದಲ್ಲಿ ಹತ್ತಿರ ಹತ್ತಿರ ನಲವತ್ತು ವರ್ಷ ಬರೆದರು. ಈ ನೆಲದಲ್ಲಿ ಕನ್ನಡ ನಾಟಕವನ್ನು ಹೀಗೆ ಪಟ್ಟು ಹಿಡಿದು ನೋಡಿ ಬರೆದವರಲ್ಲಿ ನೀವೇ ಮೊದಲಿಗರಂತೆ ಎಂದು ಯಾರಾದರೂ ಹೇಳಿದರೆ ಅವರು ಕೈ ಆಡಿಸಿಬಿಡುತ್ತಿದ್ದರು. "ಬರದವರೊಳಗ ಮೊದಲನೇಯವ ಅಲ್ಲರೀ. ಬರದು ಮಂದಿ ಕೈಲೆ ಬೈಸಿಕೊಂಡವರೊಳಗ ಮೊದಲನೇಯವ."

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದ ಕೆಲಸವೂ ಅಂಥದ್ದೇ. ಆಬರ್ನ್ ಹಿಲ್ಸಿನಲ್ಲಿ ಕಾರು ಕಂಪನಿಯ ಎಂಜಿನಿಯರು. ಇನ್ನೂ ಮಾರುಕಟ್ಟೆಗೆ ಬರದ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುವುದು, ಡ್ರೈವರು ಹಳ್ಳ ದಿಣ್ಣೆಯ ರಸ್ತೆಯಲ್ಲಿ ಓಡಿಸುವುದು, ಎಲ್ಲಿ ಗುಡುಗುಡು ಎನ್ನುತ್ತದೆ, ಎಲ್ಲಿ ಕಿರ್ ಎನ್ನುತ್ತದೆ ಎಂದು ಇವರು ಹೇಳುವುದು. ಯಂತ್ರಗಳೂ ಇದ್ದವು, ಮೈಕುಗಳೂ ಇದ್ದವು. ಆದರೂ ಯಂತ್ರ ಸೋತ ದಿನ ಇವರನ್ನು ಕರೆಯುತ್ತಿದ್ದರು. "ಎಡಗಡೆ ಹಿಂದಿನ ಬಾಗಿಲು, ಮೇಲಿನಿಂದ ಎರಡನೇ ಸ್ಕ್ರೂ" ಎನ್ನುತ್ತಿದ್ದರಂತೆ. ಬಿಚ್ಚಿ ನೋಡಿದರೆ ಅದೇ. ಅಮೆರಿಕನ್ ಸಹೋದ್ಯೋಗಿಗಳು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಇದು ಕಟ್ಟುಕತೆಯಲ್ಲ, ಆ ಸ್ಕ್ರೂ ಬಿಚ್ಚಿದವರೇ ಹೇಳಿದ್ದು.

ಇಂಥ ಕಿವಿಯವರನ್ನು ಕರೆದು ನಾಟಕದ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದ ಪುಣ್ಯಾತ್ಮ ನಿಂಗಪ್ಪ, 1986ರಲ್ಲಿ ಸಂಘದ ಕಾರ್ಯದರ್ಶಿ. ಯುಗಾದಿಗೆ ಒಂದು ಪೌರಾಣಿಕ ನಾಟಕ ಆಗಿತ್ತು. "ಏನ್ ಭಾಳ ಬ್ಯಾಡೋ ಕಲ್ಲಿನಾಥ, ಎಲ್ಲಾರೂ ಛಲೋ ಮಾಡಿದ್ರು ಅಂತ ಬರದ್ರ ಸಾಕು" ಎಂದು ಅವನು ಹೇಳಿದ್ದ. ಇವರು ಒಂದೂವರೆ ಪುಟ ಬರೆದರು. ಮಹಾರಾಜರು ಯುದ್ಧಕ್ಕೆ ಹೊರಟಾಗ ಕಾಲಲ್ಲಿ ಟೆನಿಸ್ ಶೂ ಇತ್ತೆಂದು ಬರೆದರು. ವಿರಾಮ ನಾಟಕಕ್ಕಿಂತ ಉದ್ದವಾಗಿತ್ತೆಂದು ಬರೆದರು. ವಿರಾಮದಲ್ಲಿ ಬೋಂಡಾ ಹಂಚಿದ ಹುಡುಗಿಯ ದನಿ ಮಹಾರಾಣಿಯ ದನಿಗಿಂತ ಸ್ಪಷ್ಟವಾಗಿತ್ತು, ಮುಂದಿನ ಸಲ ಆಕೆಗೆ ಪಾತ್ರ ಕೊಡಬೇಕು ಎಂದೂ ಬರೆದರು.

ಅಬ್ಬಬ್ಬಾ, ಏನು ರಂಪ! ಮಹಾರಾಜರಾಗಿದ್ದ ಹೃದಯದ ಡಾಕ್ಟರು ಎರಡು ವರ್ಷ ಇವರ ಮುಖ ನೋಡಲಿಲ್ಲ. ಮನೆಮನೆಯ ಪಾರ್ಟಿಗಳಿಗೆ ಕರೆಯುವುದು ನಿಂತಿತು. ಇವರ ಹೆಂಡತಿ ಜಯದೇವಿಯವರು, "ಸುಮ್ನ ಛಲೋ ಆತು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ವಾರವಿಡೀ ರೇಗಿದರು. ಆದರೆ ಮುಂದಿನ ದೀಪಾವಳಿಯ ನಾಟಕದಲ್ಲಿ ಯಾರ ಕಾಲಲ್ಲೂ ಟೆನಿಸ್ ಶೂ ಇರಲಿಲ್ಲ. ಬೋಂಡಾ ಹಂಚಿದ ಹುಡುಗಿಗೆ ಪಾತ್ರ ಸಿಕ್ಕಿತ್ತು. ಆಕೆಯ ಹೆಸರು ಸ್ವರೂಪ. ಆಮೇಲಿನ ಮೂವತ್ತು ವರ್ಷ ಮಿಷಿಗನ್ನಿನ ಕನ್ನಡ ನಾಟಕವೆಂದರೆ ಸ್ವರೂಪ ಎನ್ನುವಷ್ಟು ಅವಳು ಬೆಳೆದಳು. ಈಗ ನಿರ್ದೇಶಕಿ, ವಯಸ್ಸು ಐವತ್ತೈದು ದಾಟಿದೆ.

ಕಲ್ಲಿನಾಥರ ಕಟ್ಟುನಿಟ್ಟನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಸಂಘದವರು ಕೊಡುವ ಪುಕ್ಕಟೆ ಪಾಸು ಮುಟ್ಟುತ್ತಿರಲಿಲ್ಲ, ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳುತ್ತಿದ್ದರು. ಯಾವಾಗಲೂ ಮೂರನೇ ಸಾಲು, ಓಡಾಡುವ ದಾರಿಯ ಪಕ್ಕದ ಕುರ್ಚಿ. ನಾಟಕಕ್ಕೆ ಒಂದು ವಾರ ಮೊದಲು ನಿರ್ದೇಶಕರಿಂದ ಸ್ಕ್ರಿಪ್ಟ್ ತರಿಸಿಕೊಂಡು ಮೂರು ಸಲ ಓದುತ್ತಿದ್ದರು. ನಟರೇ ಅಷ್ಟು ಓದುತ್ತಿದ್ದರೋ ಇಲ್ಲವೋ. ಕತ್ತಲಲ್ಲಿ ಕಾಗದ ನೋಡದೆ ಚಿಕ್ಕ ಕಾರ್ಡುಗಳ ಮೇಲೆ ಬರೆಯುತ್ತಿದ್ದರು. ನಾಟಕ ಮುಗಿದು ಊಟಕ್ಕೆ ನಿಂತಾಗ ಎಲ್ಲರೂ ನಟರಿಗೆ ಸೂಪರ್, ಸೂಪರ್ ಎನ್ನುತ್ತಿದ್ದರೆ ಇವರು ಅನ್ನಕ್ಕೆ ಸಾರು ಹಾಕಿಸಿಕೊಂಡು ಸುಮ್ಮನೆ ಸರಿಯುತ್ತಿದ್ದರು. ಕೇಳಿದರೆ, "ಗುರುವಾರ ನೋಡ್ರಿ." ಸುದ್ದಿಪತ್ರ ಬರುವುದು ಗುರುವಾರ.

ಬೈಯುವುದೇ ಅವರ ಕೆಲಸ ಎಂದುಕೊಂಡರೆ ತಪ್ಪು. ಒಮ್ಮೆ ಜನಜಂಗುಳಿಯ ದೃಶ್ಯದಲ್ಲಿ ಲಾಟೀನು ಹಿಡಿದು ನಿಂತಿದ್ದ, ಒಂದೂ ಮಾತಿಲ್ಲದ ಒಬ್ಬಾತನ ಬಗ್ಗೆ ಹೀಗೆ ಬರೆದರು: "ಎಡಗಡೆಯಿಂದ ಮೂರನೆಯವರು ನಾಯಕನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಕೇಳುತ್ತಿದ್ದವರು ಅವರೊಬ್ಬರೇ." ಆ ಮನುಷ್ಯ ಒಬ್ಬ ದಂತವೈದ್ಯ, ಮಹಾ ನಾಚಿಕೆಯವನು. ಆ ಚೂರು ಕಾಗದ ಇವತ್ತಿಗೂ ಅವನ ಪರ್ಸಿನಲ್ಲಿದೆ. ಇನ್ನೂರು ಜನರ ಚಪ್ಪಾಳೆ ಮರೆತುಹೋಗುತ್ತದೆ, ಕಲ್ಲಿನಾಥರು ಬರೆದ ಒಂದು ಸಾಲು ಮರೆಯುವುದಿಲ್ಲ ಎನ್ನುತ್ತಾನೆ. ನಟರು ಅವರಿಗೆ ಹೆದರುತ್ತಿದ್ದದ್ದು ನಿಜ. ಅವರು ಬರದಿದ್ದರೆ ನಾಟಕ ಮಾಡಿದಂತೆಯೇ ಅನಿಸುತ್ತಿರಲಿಲ್ಲ ಎಂಬುದು ಅದಕ್ಕಿಂತ ನಿಜ.

ಅಂಥವರ ಕಿವಿಯೇ ಹೋಗಬೇಕೇ!

ಅರವತ್ತೇಳನೆಯ ವಯಸ್ಸಿನಲ್ಲಿ ಶುರುವಾಯಿತು. ಮೊದಲು ಹಿತ್ತಲಿನ ಹಕ್ಕಿಗಳು ಸುಮ್ಮನಾದವು. ಆಮೇಲೆ ಮೈಕ್ರೊವೇವ್ ಕೂಗುವುದು ನಿಲ್ಲಿಸಿತು. ಡಾಕ್ಟರು ಪರೀಕ್ಷೆ ಮಾಡಿ ಒಂದು ಗ್ರಾಫ್ ಕೊಟ್ಟರು. ಜೀವಮಾನವಿಡೀ ಸದ್ದಿನ ಗ್ರಾಫ್ ಓದಿದವರಿಗೆ ವಿವರಿಸಬೇಕೇ? ಸಣ್ಣ, ಮೇಲುಸ್ತರದ ಸದ್ದುಗಳು ಪೂರಾ ಹೋಗಿದ್ದವು. ಅಂದರೆ ಹೆಂಗಸರ ದನಿ, ಮಕ್ಕಳ ದನಿ, ಪಿಸುಮಾತು. ಕಾರು ಪಾರ್ಕಿಂಗ್ ಜಾಗದಲ್ಲೇ ಅರ್ಧ ಗಂಟೆ ನಿಂತಿತ್ತು. ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

ಕಿವಿಯ ಮಷಿನ್ ಕೊಂಡರು. ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ನಾಟಕಕ್ಕೆ ಹೊರಟಾಗ ಮಾತ್ರ ತೆಗೆದು ಸ್ವೆಟರಿನ ಜೇಬಿಗೆ ಹಾಕುತ್ತಿದ್ದರು. ಜಯದೇವಿಯವರಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

"ಕಣ್ಣಿಗೆ ಚಸ್ಮಾ ಹಾಕ್ಕೊಂತೀರಿ. ಕಿವಿಗೆ ಹಾಕ್ಕೊಂಡ್ರ ಏನ್ ಧಾಡಿ?"

"ವಿಮರ್ಶಕನ ಕಿವ್ಯಾಗ ಮಷಿನ್ ಕಂಡ್ರ ಯಾರ್ ನಂಬತಾರ? ಒಂದ್ ದನಿ ಮುಟ್ಟಲಿಲ್ಲ ಅಂತ ಬರದ್ರ, ಮುದುಕಗ ಕೇಳ್ಸಂಗಿಲ್ಲ ಬಿಡ್ರಿ ಅಂತಾರ."

"ಕೇಳ್ಸಂಗಿಲ್ಲ ಅನ್ನೂದು ಸುಳ್ಳೇನ್ರಿ?"

ಐದು ವರ್ಷ ಹೀಗೆಯೇ ನಡೆಯಿತು. ಸ್ಕ್ರಿಪ್ಟನ್ನು ಮೂರರ ಬದಲು ಹತ್ತು ಸಲ ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಟರ ತುಟಿಗಳನ್ನು ನೋಡುತ್ತಿದ್ದರು. ಪಕ್ಕದಲ್ಲಿ ಕೂತಿರುತ್ತಿದ್ದ ಜಯದೇವಿಯವರು ವಾಪಸು ಬರುವಾಗ ಕಾರಿನಲ್ಲಿ ಯಾರು ತಡವರಿಸಿದರು, ಯಾವ ಮಾತು ಹೊಸದಾಗಿ ಸೇರಿತ್ತು ಎಂದು ಒಂದೊಂದಾಗಿ ಹೇಳುತ್ತಿದ್ದರು. ವಿಮರ್ಶೆ ಮೊದಲಿನ ಹಾಗೆಯೇ ಗುರುವಾರ ಬರುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಕಳೆದ ಮಾರ್ಚಿನಲ್ಲಿ ಸ್ವರೂಪ ತಾನೇ ಬರೆದ ಹೊಸ ನಾಟಕ ಆಡಿಸಿದಳು. "ಬಸವ್ವನ ಕೈಗುಣ." ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಸೂಲಗಿತ್ತಿ ಬಸವ್ವ, ಊರಿಗೆ ಆಸ್ಪತ್ರೆ ಬಂದಮೇಲೆ ಅವಳನ್ನು ಕರೆಯುವವರೇ ಇಲ್ಲ. ಬಸವ್ವನ ಪಾತ್ರಕ್ಕೆ ಅಕ್ಷರಾ. ಇಪ್ಪತ್ತಾರು ವರ್ಷದ ಹುಡುಗಿ, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕೆಲಸ ಹೆರಿಗೆ ವಾರ್ಡಿನಲ್ಲಿ ನರ್ಸ್. ತಂದೆ ಈರೇಶ್, ಬಾಗಲಕೋಟೆ ಕಡೆಯ ಡಾಕ್ಟರು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಚಿಕ್ಕವಳಿದ್ದಾಗ ಸಂಘದಲ್ಲಿ ಎರಡು ಮಾತು ಕನ್ನಡ ಆಡಿದರೆ ಆಂಟಿಯರು ಗಲ್ಲ ಹಿಂಡಿ ನಕ್ಕುಬಿಡುತ್ತಿದ್ದರು. ಆಮೇಲೆ ಬಾಯಿ ಬಿಡುವುದನ್ನೇ ಬಿಟ್ಟಿದ್ದಳು. ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಬಸವ್ವನ ಮಾತೆಲ್ಲ ಕಲಿತಳೆಂದರೆ ಅದೇ ದೊಡ್ಡ ಸಾಹಸ.

ಆ ದಿನ ಜಯದೇವಿಯವರಿಗೆ ಅಡುಗೆಮನೆಯ ಕಡೆ ಕರೆ ಬಂತು. ಮುನ್ನೂರು ಹೋಳಿಗೆ ಬಿಸಿ ಮಾಡಬೇಕು, ಕೈಗಳು ಕಡಿಮೆ. ನಾಟಕದ ಕೊನೆಯ ಅರ್ಧ ಗಂಟೆ ಕಲ್ಲಿನಾಥರ ಪಕ್ಕದ ಕುರ್ಚಿ ಖಾಲಿ ಇತ್ತು. ಕಡೆಯ ದೃಶ್ಯದಲ್ಲಿ ಬಸವ್ವ ಊರು ಬಿಡುವ ಮೊದಲು ಕಿಟಕಿಯ ಹತ್ತಿರ ಹೋಗುತ್ತಾಳೆ. ಅವರು ಬಾಯಿಪಾಠ ಮಾಡಿದ್ದ ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟು: ಬಸವ್ವ ಜನರಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ, ಮೌನ. ಅಕ್ಷರಾ ಬೆನ್ನು ಮಾಡಿ ನಿಂತಳು. ಎರಡು ನಿಮಿಷ ನಿಂತಳು. ಅವಳ ಭುಜ ಒಂದಿಷ್ಟೇ ಏರಿ ಇಳಿಯುತ್ತಿತ್ತು. ಸುತ್ತ ನೋಡಿದರೆ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಂದು ಮಾತಿಲ್ಲದೆ ಇಷ್ಟು ಮಂದಿಯನ್ನು ಅಳಿಸುವುದೆಂದರೇನು! ಕಲ್ಲಿನಾಥರು ಕಾರ್ಡಿನ ಮೇಲೆ ಒತ್ತಿ ಬರೆದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು.

ಗುರುವಾರದ ವಿಮರ್ಶೆಯಲ್ಲಿ ಹೀಗಿತ್ತು: "ಕಿಟಕಿಗೆ ಮುಖ ಮಾಡಿ, ಒಂದೂ ಮಾತಾಡದೆ ಅಕ್ಷರಾ ನಿಂತ ಎರಡು ನಿಮಿಷ ಇಡೀ ನಾಟಕದಲ್ಲೇ ಶ್ರೇಷ್ಠ. ಮಾತಾಡುವ ಅಕ್ಷರಾಗಿಂತ ಮಾತಿಲ್ಲದ ಅಕ್ಷರಾ ಎಷ್ಟೋ ಮೇಲು. ಆ ಮೌನಕ್ಕೆ ನನ್ನ ನಮಸ್ಕಾರ."

ಮಧ್ಯಾಹ್ನದೊಳಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಗುವ ಮುಖಗಳ ಸುರಿಮಳೆ. "ಅಂಕಲ್ ಏನ್ ಕೊಟ್ರು ನೋಡಿ!" "ಹೊಡೆದ್ರೆ ಕಲ್ಲಿನಾಥರ ಥರ ಹೊಡೀಬೇಕು." ಕಲ್ಲಿನಾಥರಿಗೆ ತಲೆಬುಡ ಅರ್ಥವಾಗಲಿಲ್ಲ. ಮನಸಾರೆ ಹೊಗಳಿದ್ದಕ್ಕೆ ಇವರೇಕೆ ನಗುತ್ತಿದ್ದಾರೆ? ಆ ಗುಂಪಿನಲ್ಲಿ ಅಕ್ಷರಾಳ ಹೆಸರು ಹುಡುಕಿದರು. ಅವಳು ಗುಂಪು ಬಿಟ್ಟು ಹೋಗಿದ್ದಳು.

ಶನಿವಾರ ಬೆಳಿಗ್ಗೆ ಸ್ವರೂಪ ಮನೆಗೇ ಬಂದಳು. ಕೋಟು ಕೂಡ ಬಿಚ್ಚಲಿಲ್ಲ.

"ಯಾಕೆ ಅಂಕಲ್ ಹಾಗೆ ಬರೆದ್ರಿ?"

"ಹೆಂಗ ಬರದೆ? ಹೊಗಳೀನಲ್ಲ!"

"ಹೊಗಳೋದಾ? ಆ ಹುಡುಗಿ ಅಲ್ಲಿ ಎರಡು ನಿಮಿಷ ಮಾತಾಡಿದ್ಲು ಅಂಕಲ್. ಇಡೀ ನಾಟಕದಲ್ಲಿ ಅದೊಂದೇ ಅವಳೇ ಬರೆದಿದ್ದು. ಊರಲ್ಲಿರೋ ಅಜ್ಜಿಗೆ ದಿನಾ ಫೋನ್ ಮಾಡಿ, ಕೇಳಿ ಕೇಳಿ ಬರೆದಿದ್ದು. ಕೊನೇ ವಾರ ಸೇರಿಸಿದ್ವಿ, ನಿಮಗೆ ಹೊಸ ಸ್ಕ್ರಿಪ್ಟ್ ಕಳಿಸೋಕೆ ಮರೆತೆ. ಜನ ಎಲ್ಲ ಅತ್ರು. ನೀವು ನೋಡಿದ್ರೆ, ಬಾಯಿ ಮುಚ್ಚಿಕೊಂಡಿದ್ರೆ ಚೆನ್ನಾಗಿರ್ತಿತ್ತು ಅನ್ನೋ ಹಾಗೆ ಬರೆದ್ರಿ. ನಿಮ್ಮಿಂದ ನಾನಿದನ್ನ ಅಂದುಕೊಂಡಿರಲಿಲ್ಲ."

ಕಲ್ಲಿನಾಥರು ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲಗೆ ಕೂತರು. ಸ್ವರೂಪ ಉಳಿದದ್ದನ್ನೂ ಹೇಳಿದಳು. ಮುಂದಿನ ಶನಿವಾರ ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಎರಡನೇ ಪ್ರದರ್ಶನ. ಅಕ್ಷರಾ ಬರುತ್ತಾಳಂತೆ, ಒಪ್ಪಿಕೊಂಡಿದ್ದಕ್ಕೆ. ಆದರೆ ಆ ಮಾತುಗಳನ್ನು ಆಡುವುದಿಲ್ಲವಂತೆ, ಅಂಕಲ್ ಹೇಳಿದ ಹಾಗೆ ಸುಮ್ಮನೆ ನಿಲ್ಲುತ್ತಾಳಂತೆ. ಅದೇ ಕೊನೆ, ಇನ್ನು ಕನ್ನಡದ ಸಹವಾಸವೇ ಬೇಡವಂತೆ. ಅಜ್ಜಿ ಗಂಗಮ್ಮನ ಫೋನ್ ಬಂದರೆ ಅಪ್ಪನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಾಳಂತೆ.

ಸ್ವರೂಪ ಹೋದಮೇಲೆ ಕಲ್ಲಿನಾಥರು ಬೇಸ್‌ಮೆಂಟಿಗೆ ಇಳಿದು ಐದು ವರ್ಷದ ಕಾರ್ಡುಗಳನ್ನು ತೆಗೆದರು. ಹುಡುಕುತ್ತಿದ್ದದ್ದು ಒಂದೇ ಮಾತು. ದನಿ ಮುಟ್ಟುವುದಿಲ್ಲ ಎಂದು ಅವರು ಮೂರು ಹೆಂಗಸರ ಬಗ್ಗೆ ಬರೆದಿದ್ದರು, ಹನ್ನೊಂದು ವರ್ಷದ ಒಂದು ಹುಡುಗಿಯ ಬಗ್ಗೆಯೂ ಬರೆದಿದ್ದರು. ಆ ಹುಡುಗಿ ಆಮೇಲೆ ಮತ್ತೆ ವೇದಿಕೆ ಹತ್ತಿರಲಿಲ್ಲ. ದನಿ ಮುಟ್ಟಿರಲಿಲ್ಲ ನಿಜ. ಯಾರಿಗೆ ಮುಟ್ಟಿರಲಿಲ್ಲ? ಎರಡು ಸಾಲು ಹಿಂದೆ ಕೂತವರಿಗೆ ಕೇಳಿಸಿತ್ತೇನೋ! ಟೆನಿಸ್ ಶೂ ಹಾಕಿದ ಮಹಾರಾಜನನ್ನು ಬಿಡದ ಮನುಷ್ಯ ಐದು ವರ್ಷ ತಾನೇ ವೇಷ ಹಾಕಿದ್ದ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು, ಕಣ್ಣಲ್ಲಿ ನೀರು ಬಂತು.

ಊಟಕ್ಕೆ ಕರೆಯಲು ಜಯದೇವಿಯವರು ಇಳಿದು ಬಂದರು. ನೆಲದ ಮೇಲೆಲ್ಲ ಹರಡಿದ್ದ ಕಾರ್ಡುಗಳನ್ನು ನೋಡಿದರು, ಗಂಡನ ಮುಖ ನೋಡಿದರು.

"ಮುದ್ರಣದ ತಪ್ಪು ಅಂತ ಹಾಕಿಸಿದ್ರ ಆಗೂದಿಲ್ಲೇನ್ರಿ?" ಎಂದರು ಮೆಲ್ಲಗೆ. ಗಂಡನ ಮಾನ ಉಳಿಯಲಿ ಎಂದು ಅವರಿಗೂ ಆಸೆ ಇರುವುದಿಲ್ಲವೇ?

"ಆ ಹುಡುಗಿ ನಂಬೂದಿಲ್ಲ. ನಂಬಲೂ ಬಾರದು."

"ಹಂಗಾರ ನಿಜ ಹೇಳಬೇಕು. ಹೇಳಿದ್ರ ನೀವು ಮುಂದ ಬರಿಯೂದು ಮುಗೀತು. ಹಿಂದ ಬರದಿದ್ದನ್ನೂ ನಂಬಂಗಿಲ್ಲ ಮಂದಿ."

"ಗೊತ್ತು" ಎಂದರು ಕಲ್ಲಿನಾಥರು. "ನಲವತ್ತು ವರ್ಷದ್ದು ಹೋದ್ರ ಹೋಗಲಿ. ಆಕೀಗೆ ಇನ್ನೂ ಇಪ್ಪತ್ತಾರು."

ಶನಿವಾರ ಬೆಳಿಗ್ಗೆ ಆರಕ್ಕೆ ಗಂಡ ಹೆಂಡತಿ ಹೊರಟರು. ಹೊರಗೆ ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ರಸ್ತೆಯಂಚಿಗೆ ಕೊಳಕು ಹಿಮದ ಗುಡ್ಡೆ. ಮುನ್ನೂರು ಮೈಲಿಗೆ ಹತ್ತಿರದ ದಾರಿ. ಕಲಮಜೂ ಊರು ದಾಟಿದ ಮೇಲೆ ಕಲ್ಲಿನಾಥರು ಹೆದ್ದಾರಿಯ ಎಕ್ಸಿಟ್ ಒಂದರ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಕನ್ನಡಿ ನೋಡಿಕೊಂಡು ಎರಡೂ ಕಿವಿಗೆ ಮಷಿನ್ ಹಾಕಿಕೊಂಡರು. ಜಯದೇವಿಯವರು ಡಬ್ಬಿ ತೆರೆದು ಒಂದು ಚಪಾತಿ ಸುರುಳಿ ಅವರ ಕೈಗಿಟ್ಟರು. ಇಂಡಿಯಾನಾದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಹನ್ನೊಂದರೊಳಗೆ ಡೌನರ್ಸ್ ಗ್ರೋವ್‌ನ ನಾಟಕವಿದ್ದ ಸ್ಕೂಲಿನ ಮುಂದೆ ಇದ್ದರು.

ಮೇಕಪ್ ಕೋಣೆ ಎಂದರೆ ಸ್ಕೂಲಿನ ಬ್ಯಾಂಡಿನವರ ಕೋಣೆ. ಅಕ್ಷರಾ ಕನ್ನಡಿಯ ಮುಂದೆ ಕೂತು ತಲೆಗೆ ನರೆಯ ಬಣ್ಣ ಬಳಿದುಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಇವರನ್ನು ಕಂಡು ಕೈ ನಿಂತಿತು. ತಿರುಗಲಿಲ್ಲ.

"ಹಾಯ್ ಅಂಕಲ್. ಡೋಂಟ್ ವರಿ, ಇವತ್ತು ಐ ವೋಂಟ್ ಟಾಕ್."

ಕಲ್ಲಿನಾಥರು ಅವಳ ಎದುರಿಗೆ ಬಂದರು. ಎಡಗಿವಿಯ ಮಷಿನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ನನಗ ಕೇಳ್ಸೂದಿಲ್ಲವ್ವಾ. ಐದು ವರ್ಷ ಆತು. ಆ ದಿನ ನೀ ಮಾತಾಡೀದಿ ಅನ್ನೂದು ನನಗ ಗೊತ್ತೇ ಇಲ್ಲ. ನನ್ನ ಸ್ಕ್ರಿಪ್ಟ್‌ನ್ಯಾಗ ಮೌನ ಅಂತ ಇತ್ತು. ನಿನ್ನ ಬೆನ್ನಷ್ಟ ಕಂಡಿತು. ಮಂದಿ ಅಳೂದು ಕಂಡು, ಮಾತಿಲ್ಲದ ಅಳಿಸ್ಯಾಳ ಅಂದ್ಕೊಂಡೆ. ಹೊಗಳಬೇಕಂತ ಬರದೆ. ತಪ್ಪು ನಿಂದಲ್ಲ, ನಾಲಿಗೀದಲ್ಲ. ನನ್ನ ಕಿವೀದು, ಅದನ್ನ ಮುಚ್ಚಿಟ್ಟ ನನ್ನ ಸೊಕ್ಕಿಂದು."

ಅಕ್ಷರಾ ಆ ಮಷಿನನ್ನು ನೋಡಿದಳು. ಅವರ ಮುಖ ನೋಡಿದಳು.

"ಯು ಕುಡ್ ಹ್ಯಾವ್ ಜಸ್ಟ್ ಟೆಕ್ಸ್ಟೆಡ್ ಮಿ, ಅಂಕಲ್" ಎಂದಳು. "ಎಲ್ಲರಿಗೂ ಗೊತ್ತಾಗತದ ಈಗ."

"ಗೊತ್ತಾಗಲಿ. ಈಗ ಅದನ್ನ ನನಗ ಹೇಳು. ಹತ್ತರ ಬಂದು, ಗಟ್ಟಿ ಹೇಳು. ನಾ ಇನ್ನೂ ಅದನ್ನ ಕೇಳೇ ಇಲ್ಲ."

ಅವಳು ಮೊದಲು ಒಲ್ಲೆ ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಕಲ್ಲಿನಾಥರು ಮಷಿನನ್ನು ಮತ್ತೆ ಕಿವಿಗೆ ಹಾಕಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಹಾಗೆ ಕಣ್ಣು ಮುಚ್ಚಿದರು. ಕಿಟಕಿಯಾಚೆ ಹಾದುಹೋಗುವ ಊರವರನ್ನು ನೋಡುತ್ತ ಬಸವ್ವ ಆಡುವ ಮಾತನ್ನು ಅಕ್ಷರಾ ಶುರು ಮಾಡಿದಳು.

"ಇಂವ ಕಾಲು ಮುಂದ ಮಾಡಿ ಬಂದ. ಇಕಿ ಅಳಲೇ ಇಲ್ಲ. ಬೆನ್ನಿಗೆ ನಾಕು ಏಟು ಹಾಕಿದೆ, ಊರಿಗೇ ಕೇಳೂಹಂಗ ಅತ್ತಳು. ಗೌಡರ ಕೂಸಿನ ಹೊಕ್ಕಳ ಹುರಿನೂ ನಾನ ಕೊಯ್ದೆ, ಕಸಾ ಬಳಿಯೂ ಮಲ್ಲಿ ಕೂಸಿನ ಹುರಿನೂ ನಾನ ಕೊಯ್ದೆ. ಎರಡೂ ಒಂದ ಬಣ್ಣ ಇದ್ವು. ಒಂದ್ ಕೂಸಿನ ಹೆಸರು ಮಾತ್ರ ನನಗ ಗೊತ್ತಿಲ್ಲ. ಹೆಸರಿಡೂ ತನಕ ಅದು ಉಳೀಲಿಲ್ಲ. ಅದರ ತೂಕ ಇನ್ನೂ ಈ ಕೈಯಾಗ ಐತಿ. ಹೆಣ್ಣಿನ ಬಾಳೇ ನೋವಿನ ಒಂದು ಮಹಾನದಿ."

ಬಾಗಿಲಲ್ಲಿ ನಿಂತಿದ್ದ ಸ್ವರೂಪ, ಜಯದೇವಿ ಇಬ್ಬರೂ ಅಲ್ಲಾಡಲಿಲ್ಲ. ಕಲ್ಲಿನಾಥರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೀಸೆಗೆ ಬಂದಿತ್ತು. ಅಮೆರಿಕದಲ್ಲಿ ಹುಟ್ಟಿದ ಈ ಕೂಸಿಗೆ ಈ ಮಾತು ಎಲ್ಲಿಂದ ಬಂತು ತಾಯಿ? ನಾಟಕದ ಮಾತು ಲೆಕ್ಕವಿಲ್ಲದಷ್ಟು ಕೇಳಿದ ಮನುಷ್ಯ ಕೈ ಮುಗಿಯುವುದೊಂದು ಬಾಕಿ ಇತ್ತು. ಕಣ್ಣು ಬಿಟ್ಟರು.

"ಕಡೀ ಸಾಲು ತಗದು ಹಾಕು."

"ವಾಟ್?"

"ತೂಕ ಕೈಯಾಗ ಐತಿ ಅಂದ ಮ್ಯಾಲೆ ಮುಗೀತು. ಮಹಾನದಿ ಗಿಹಾನದಿ ಯಾಕ? ಅದು ಬಸವ್ವನ ಮಾತಲ್ಲ."

ಅಕ್ಷರಾ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿ ಜೋರಾಗಿ ನಕ್ಕಳು, ಬಳಿದ ನರೆಗೂದಲೆಲ್ಲ ಅಲ್ಲಾಡುವ ಹಾಗೆ. "ಓ ಮೈ ಗಾಡ್. ಅದು ಡ್ಯಾಡ್ ಸೇರಿಸಿದ್ದು!"

"ನಿಮ್ಮಪ್ಪಗ ಹೇಳು, ಪೇಷಂಟ್ ನೋಡ್ಕೊಂಡಿರು ಅಂತ. ಇನ್ನೊಂದು. ನಿನ್ನ 'ಳ' ಇನ್ನೂ ಭಾಳ ಮೆತ್ತಗ ಐತಿ. ದಿನಾ ನಿಮ್ಮಜ್ಜಿ ಜೋಡಿ ಮಾತಾಡು, ಗಟ್ಟಿ ಆಗತದ."

ನಗುತ್ತಿದ್ದವಳು ಅಳತೊಡಗಿದಳು. ಸುಮ್ಮನೆ ಚೆನ್ನಾಗಿದೆ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಸಮಾಧಾನ ಮಾಡಲು ಬಂದ ಯಾವ ಅಂಕಲ್ಲೂ ತಪ್ಪು ತೋರಿಸುವುದಿಲ್ಲ, ಇವರು ತೋರಿಸಿದ್ದರು. ಮುಖಕ್ಕೆ ಮತ್ತೆ ಬಣ್ಣ ಹಚ್ಚಲು ಸ್ವರೂಪ ಅರ್ಧ ಗಂಟೆ ಪರದಾಡಬೇಕಾಯಿತು.

ನಾಟಕ ಶುರುವಾಗುವ ಮೊದಲು ಕಲ್ಲಿನಾಥರು ಸ್ವರೂಪಳ ಕೈಯಿಂದ ಮೈಕ್ ಇಸಿದುಕೊಂಡು ವೇದಿಕೆ ಹತ್ತಿದರು. ಮಿಷಿಗನ್ನಿನಿಂದಲೂ ಬಹಳ ಜನ ಬಂದಿದ್ದರು, ವಾಟ್ಸಾಪಿನಲ್ಲಿ ನಕ್ಕವರೂ ಇದ್ದರು. ನನಗೆ ಐದು ವರ್ಷದಿಂದ ಸರಿಯಾಗಿ ಕೇಳಿಸುತ್ತಿಲ್ಲ, ಅದನ್ನು ಮುಚ್ಚಿಟ್ಟು ಬರೆದೆ, ಅಕ್ಷರಾಳ ಮಾತು ಕೇಳದೆಯೇ ಅವಳು ಮಾತಾಡಲಿಲ್ಲ ಎಂದು ಬರೆದೆ ಎಂದರು. ದನಿ ಮುಟ್ಟಲಿಲ್ಲ ಎಂದು ಬರೆದಿದ್ದ ಮೂವರು ಹೆಂಗಸರ ಹೆಸರನ್ನೂ ಆ ಚಿಕ್ಕ ಹುಡುಗಿಯ ಹೆಸರನ್ನೂ ಹೇಳಿ ಕ್ಷಮೆ ಕೇಳಿದರು. ನೆಪ ಹೇಳಲಿಲ್ಲ. ಇನ್ನು ಮುಂದೆ ನಾಟಕದ ಬಗ್ಗೆ ಬರೆಯುವುದಿಲ್ಲ ಎಂದು ಮೈಕ್ ಕೊಟ್ಟು ಇಳಿದರು. ಎಷ್ಟೋ ವರ್ಷ ಅವರಿಗೆ ಹೆದರಿದ್ದ ಜನ ಆಗ ಮೊದಲ ಸಲ ಅವರ ಎತ್ತರ ಎಷ್ಟೆಂದು ಕಂಡರು.

ಕಡೆಯ ದೃಶ್ಯ ಬಂತು. ಆ ಸಭಾಂಗಣದ ಗುಂಯ್‌ಗುಡುವಿಕೆಯಲ್ಲಿ ಕಿವಿಯ ಮಷಿನ್ ಕೂಡ ಕೈಕೊಟ್ಟಿತ್ತು. ಅಕ್ಷರಾ ಕಿಟಕಿಯತ್ತ ನಡೆಯುವುದು ಕಂಡಕೂಡಲೇ ಕಲ್ಲಿನಾಥರು ಎದ್ದು, ಬಗ್ಗಿಕೊಂಡು ಹೋಗಿ, ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಕೂತರು. ವೇದಿಕೆಗೆ ಬೆನ್ನು, ಜನರಿಗೆ ಮುಖ. ಜೀವನದಲ್ಲಿ ಒಮ್ಮೆಯೂ ಹೀಗೆ ಕೂತವರಲ್ಲ. ಬೆಳಕು ವೇದಿಕೆಯಿಂದ ಜನರ ಮುಖದ ಮೇಲೆ ಬೀಳುತ್ತಿತ್ತು.

ಮೊದಲನೇ ಸಾಲಿನ ಅಜ್ಜಿಯೊಬ್ಬರು ಕೈಯಲ್ಲಿದ್ದ ಪರ್ಸನ್ನು ಎದೆಗೆ ಒತ್ತಿಕೊಂಡರು. ಅಲ್ಲಿಗೆ ಕೂಸು ಕಾಲು ಮುಂದೆ ಮಾಡಿ ಬಂತೆಂದು ಅವರಿಗೆ ತಿಳಿಯಿತು. ಇಡೀ ಸಭೆಯ ಭುಜಗಳು ನಗುವಿಗೆ ಒಟ್ಟಿಗೆ ಅಲುಗಿದವು: ಬೆನ್ನಿಗೆ ಏಟು ಬಿತ್ತು, ಕೂಸು ಅತ್ತಿತು. ಎಂಜಿನಿಯರುಗಳು, ಡಾಕ್ಟರುಗಳು, ಫೋನು ನೋಡುತ್ತಿದ್ದ ಕಾಲೇಜು ಹುಡುಗರು, ಎಲ್ಲರ ಕೈಯೂ ನಿಂತಿತ್ತು. ಆಮೇಲೆ ನಗು ಮೆಲ್ಲಗೆ ಆರಿತು. ಎಂಟನೇ ಸಾಲಿನಲ್ಲಿ ಒಬ್ಬ ಗಂಡಸು ಪಕ್ಕದ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡ. ಆಕೆ ಇನ್ನೊಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ಹೆಸರಿಲ್ಲದ ಕೂಸಿನ ಹತ್ತಿರ ಬಂದಿದ್ದಾಳೆ ಎಂದು ಕಲ್ಲಿನಾಥರಿಗೆ ಗೊತ್ತಾಯಿತು. ಮುನ್ನೂರು ಮುಖಗಳು ಒಂದೇ ಸಲ ಉಸಿರು ಹಿಡಿದವು. ಮಹಾನದಿ ಬರಲಿಲ್ಲ, ದೀಪ ಆರಿತು.

ಪರದೆ ಬಿದ್ದಮೇಲೆ ಅಕ್ಷರಾ ನರೆಗೂದಲಿನಲ್ಲೇ ಓಡಿ ಬಂದು ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವಳು ಅವರ ಕಿವಿಯ ಹತ್ತಿರ ಬಾಯಿ ತಂದು, ಕನ್ನಡದಲ್ಲಿ, ಗಟ್ಟಿಯಾಗಿ ಕೇಳಿದಳು.

"ಹೆಂಗಿತ್ತು ಅಂಕಲ್?"

"ನನಗ ಕೇಳ್ಸಲಿಲ್ಲವ್ವಾ" ಎಂದರು ಕಲ್ಲಿನಾಥರು. "ಆದ್ರ ಮುನ್ನೂರು ಮಂದಿಗೆ ಕೇಳ್ಸಿತು. ಅದನ್ನ ನಾ ಕಣ್ಣಾರೆ ನೋಡೀನಿ."